ಏಳನೆಯ ಬಿಲ್ಲೆ

ಕ್ರಿಸ್ಮಸ್ ಹಬ್ಬಕ್ಕೆ ಕಾಯುವ ಆಗಮನ ಕಾಲದ ಮೂರನೆಯ ವಾರ, ಮಂಗಳವಾರ, ಮಧ್ಯಾಹ್ನ ಮೂರು ಗಂಟೆಗೆ ಇದು ನಡೆಯಿತು.

"ಸಿಸ್ಟರ್, ಈ ಎರಡರಲ್ಲಿ ಯಾವುದು ಉತ್ತಮ?" ಎಂದು ವೈಜಯಂತಿ ಕೇಳಿದಳು.

ಅವಳು ಕನ್ಯಾಮಠದ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಕೈಯಲ್ಲಿ ನಲವತ್ತೆರಡು ಪುಟಗಳ ಕಡತವಿತ್ತು. ಒಳಗೆ ಕ್ರಿಸ್ಮಸ್ ಹಬ್ಬದ ಚಕ್ಕುಲಿ ಆಗುತ್ತಿತ್ತು. ಸಿಸ್ಟರ್ ಅಪೊಲೋನಿಯಾ ಹಿಟ್ಟು ನಾದುತ್ತಿದ್ದರು. ಚಿಕ್ಕತಾಯಮ್ಮ ಮಣೆಯ ಮೇಲೆ ಕುಳಿತು ಚಕ್ಕುಲಿ ಒರಳು ಒತ್ತುತ್ತಿದ್ದಳು. ಅಡಿಗೆಯ ರೆಜಿನಮ್ಮ ಬಾಣಲೆಯ ಮುಂದೆ ಜಾಲರಿ ಹಿಡಿದಿದ್ದಳು.

"ಯಾವ ಎರಡು?" ಎಂದರು ಸಿಸ್ಟರ್. ತಲೆ ಎತ್ತಲಿಲ್ಲ.

"ಆಪರೇಟಿಂಗ್ ಸಿಸ್ಟಂ. ಎರಡೂ ಲಿನಕ್ಸ್, ಎರಡೂ ಮುಕ್ತ, ಯಾರು ಬೇಕಾದರೂ ಒಯ್ದು ತಿದ್ದಿಕೊಳ್ಳಬಹುದು. ಒಂದು ಆರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಇನ್ನೊಂದು ಎರಡು ವರ್ಷ ಯೋಚನೆ ಮಾಡಿ ಒಂದು ಹೆಜ್ಜೆ ಇಡುತ್ತದೆ."

"ಥೇಟ್ ನಮ್ಮತ್ತೆ" ಎಂದಳು ರೆಜಿನಮ್ಮ. "ಅದೇನಮ್ಮ ಅದು, ಆಪರೇಟಿಂಗು?"

"ಕಂಪ್ಯೂಟರ್ ಎದ್ದು ನಿಲ್ಲುವುದೇ ಅದರಿಂದ ರೆಜಿನಮ್ಮ. ಉಳಿದ ತಂತ್ರಾಂಶಗಳೆಲ್ಲ ಅದರ ಮೇಲೆ ಕೂತು ಕೆಲಸ ಮಾಡುತ್ತವೆ."

"ಹಾಗಾದರೆ ಒಲೆ ಅನ್ನು" ಎಂದು ರೆಜಿನಮ್ಮ ಚಕ್ಕುಲಿ ತಿರುವಿದಳು.

ಸಿಸ್ಟರ್ ಅಪೊಲೋನಿಯಾ ಅವರಿಗೆ ಎಪ್ಪತ್ತೊಂಬತ್ತು ವರ್ಷ. ಮೂವತ್ತೊಂದು ವರ್ಷ ಟೈಪಿಂಗ್ ಕಲಿಸಿದವರು. ಮಠಕ್ಕೆ ಮೊದಲ ಕಂಪ್ಯೂಟರ್ ಬಂದಾಗ ಅದನ್ನೂ ಕಲಿತು, ಮತ್ತೆ ಹದಿನಾಲ್ಕು ವರ್ಷ ಕಲಿಸಿದವರು. ಅವರು ಮೊದಲ ಬಾರಿಗೆ ಲಿನಕ್ಸ್ ಹಾಕಿದ ದಿನ ಯಂತ್ರವು ಒಂದು ದೋಷವನ್ನು ತೋರಿಸಿತಂತೆ. "ತಿದ್ದಿಕೋ" ಎಂದು ಹೇಳಿ ಸಿಸ್ಟರ್ ಪ್ರಾರ್ಥನೆಗೆ ಹೋದರಂತೆ. ಹಿಂತಿರುಗಿದಾಗ ಯಂತ್ರವು ತಿದ್ದಿಕೊಂಡಿತ್ತೆಂದು ಮಠದಲ್ಲಿ ಇಂದಿಗೂ ಹೇಳುತ್ತಾರೆ. ವೈಜಯಂತಿ ಅವರ ಸಂಜೆಯ ತರಗತಿಯಲ್ಲಿ ಕಲಿತವಳು. ಈಗ ಮಠದ ಅಂಧ ಮಹಿಳೆಯರ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಸಂಬಳ ಬರುವ ಕೆಲಸ ಸಿಕ್ಕಿ ನಾಲ್ಕು ವರ್ಷವಾಗಿದ್ದರೂ, ಸಿಸ್ಟರ್ ಎದುರಿಗೆ ಅವಳ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಅವಳ ಪ್ರಶ್ನೆ ಚಿಕ್ಕತಾಯಮ್ಮನಿಗಾಗಿ ಹುಟ್ಟಿದ ಪ್ರಶ್ನೆ.

ಚಿಕ್ಕತಾಯಮ್ಮನಿಗೆ ಹುಟ್ಟಿನಿಂದ ಕಣ್ಣು ಕಾಣದು. ವಯಸ್ಸು ಮೂವತ್ತೆಂಟು. ಹತ್ತನೆಯ ತರಗತಿಯ ಪರೀಕ್ಷೆಗೆ ಎರಡು ಬಾರಿ ಕುಳಿತಿದ್ದಳು. ಎರಡು ಬಾರಿಯೂ ಉತ್ತರವನ್ನು ಅವಳು ಹೇಳಿದಳು, ಬೇರೊಬ್ಬರು ಬರೆದರು. ಎರಡು ಬಾರಿಯೂ ಅನುತ್ತೀರ್ಣಳಾದಳು. "ವಿದ್ಯೆ ನಂದು, ಆಕಳಿಕೆ ಅವರದು, ಅಂಕ ಮಾತ್ರ ಇಬ್ಬರಿಗೂ ಸೇರಿಸಿ ಕೊಟ್ಟರು" ಎಂದು ಅವಳು ಹೇಳುತ್ತಿದ್ದಳು. ಈ ವರ್ಷ ಕಂಪ್ಯೂಟರಿನಲ್ಲಿ ತಾನೇ ಬರೆಯಲು ಅವಳಿಗೆ ಅನುಮತಿ ದೊರೆತಿತ್ತು. ಕಂಪ್ಯೂಟರ್ ಪ್ರಶ್ನೆಯನ್ನು ಓದಿ ಹೇಳಬೇಕು. ಅವಳು ಕೇಳಿ, ಕೀಲಿಗಳನ್ನು ಒತ್ತಿ ಉತ್ತರ ಬರೆಯಬೇಕು. ಬರೆದದ್ದನ್ನು ಅದು ಮತ್ತೆ ಓದಿ ಹೇಳಬೇಕು.

ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಹಾಗೆ ಓದುವ ಕನ್ನಡದ ಧ್ವನಿಯೊಂದು ಇತ್ತು. ಯಾರೋ ಪುಣ್ಯವಂತರು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟ ಧ್ವನಿ. ಶಾಲೆಯ ಹೆಂಗಸರು ಅದಕ್ಕೆ ಪುಟ್ಟಕ್ಕ ಎಂದು ಹೆಸರಿಟ್ಟಿದ್ದರು. ಚಿಕ್ಕತಾಯಮ್ಮ ಆರು ವರ್ಷ ಪುಟ್ಟಕ್ಕನ ಬಾಯಿಂದಲೇ ಪಾಠ ಕೇಳಿದ್ದಳು. ಆ ಕಂಪ್ಯೂಟರಿನ ಆಯುಷ್ಯ ಮುಗಿಯುತ್ತ ಬಂದಿತ್ತು. ಹೊಸದೊಂದು ಬಂದಿತ್ತು, ಅದು ಬರಿದಾಗಿತ್ತು. ಅದರಲ್ಲಿ ಯಾವ ಸಿಸ್ಟಂ ಇರುತ್ತದೆಂದು ಮರುದಿನ ಬೆಳಿಗ್ಗೆ ಪರೀಕ್ಷಾ ಕಚೇರಿಗೆ ಬರೆದುಕೊಡಬೇಕಾಗಿತ್ತು. ಒಮ್ಮೆ ಬರೆದುಕೊಟ್ಟರೆ ಬದಲಾಯಿಸುವಂತಿರಲಿಲ್ಲ.

"ಈ ಸಲ ನಿಮ್ಮ ಉತ್ತರ ನಿಮ್ಮ ಕೈಯಿಂದಲೇ" ಎಂದು ವೈಜಯಂತಿ ಮಾತು ಕೊಟ್ಟಿದ್ದಳು. ಆ ಮಾತು ಅವಳನ್ನು ಮೂರು ವಾರ ಸುಮ್ಮನೆ ಕೂರಲು ಬಿಟ್ಟಿರಲಿಲ್ಲ. ಎರಡು ಸಿಸ್ಟಂಗಳನ್ನೂ ಹಾಕಿ, ತೆಗೆದು, ಮತ್ತೆ ಹಾಕಿದ್ದಳು. ಅಂತರ್ಜಾಲದಲ್ಲಿ ಎಪ್ಪತ್ತು ಜನರನ್ನು ಕೇಳಿದ್ದಳು. ಮೂವತ್ತೈದು ಜನ ಒಂದನ್ನು ಹೊಗಳಿದರು. ಮೂವತ್ತೈದು ಜನ ಆ ಮೂವತ್ತೈದು ಜನರನ್ನು ಬೈದರು.

"ಹೇಗೆ ಪರೀಕ್ಷಿಸಿದೆ?" ಎಂದು ಸಿಸ್ಟರ್ ಕೇಳಿದರು.

ವೈಜಯಂತಿ ಕಡತ ತೆರೆದಳು. ಯಾವುದು ಎಷ್ಟು ಬೇಗ ಏಳುತ್ತದೆ, ಎಷ್ಟು ಮೆಮೊರಿ ತಿನ್ನುತ್ತದೆ, ಎಷ್ಟು ವರ್ಷ ಬಾಳುತ್ತದೆ, ತೆರೆಯ ಮೇಲೆ ಯಾವುದು ಅಂದ, ಎಲ್ಲವೂ ಅದರಲ್ಲಿತ್ತು.

"ಓದಿ ಹೇಳುವುದು?"

"ಅದೂ ಆಯಿತು ಸಿಸ್ಟರ್. ಆರು ತಿಂಗಳಿಗೊಮ್ಮೆ ಹೊಸದಾಗುವುದರಲ್ಲಿ ಓದುವ ತಂತ್ರಾಂಶ ಅದರ ಜೊತೆಗೇ ಬರುತ್ತದೆ. ಒತ್ತಿದೆ, ಮಾತಾಡಿತು. ಎಷ್ಟು ಸ್ಪಷ್ಟ ಅಂತೀರಿ!"

"ನಮಗೂ ಕೇಳಿಸ್ತು ಮಿಸ್" ಎಂದಳು ಚಿಕ್ಕತಾಯಮ್ಮ. "ಗೋಡೆ ಆ ಕಡೆ ಯಾರೋ ದೊರೆಸಾನಿ ಇಂಗ್ಲಿಷ್ ಮಾತಾಡ್ತಾ ಅವ್ಳೆ, ತನಿಖೆಗೆ ಬಂದವಳೇ ಇರಬೇಕು ಅಂತ ನಾವೆಲ್ಲ ಎದ್ದು ಸೆರಗು ಸರಿ ಮಾಡ್ಕೊಂಡ್ವಿ. ನಮ್ಮ ಕ್ಲಾಸಿನ ಸಾವಿತ್ರಿ 'ಗುಡ್ ಮಾರ್ನಿಂಗ್ ಮೇಡಂ' ಅಂತ ಗೋಡೆಗೇ ಹೇಳಿಬಿಟ್ಳು."

ರೆಜಿನಮ್ಮ ನಕ್ಕ ರಭಸಕ್ಕೆ ಜಾಲರಿಯಿಂದ ಒಂದು ಚಕ್ಕುಲಿ ಎಣ್ಣೆಗೆ ಮರಳಿ ಬಿತ್ತು. ವೈಜಯಂತಿಯೂ ನಕ್ಕಳು. ಸಿಸ್ಟರ್ ಮಾತ್ರ ನಗಲಿಲ್ಲ. ಹಿಟ್ಟಿನ ಉಂಡೆಯೊಂದನ್ನು ಚಿಕ್ಕತಾಯಮ್ಮನ ಅಂಗೈಗೆ ಇಟ್ಟರು. ಚಿಕ್ಕತಾಯಮ್ಮ ಒರಳಿನ ತಳದ ತೂತಿನ ಬಿಲ್ಲೆಯನ್ನು ಬೆರಳಿನಿಂದ ಒಮ್ಮೆ ಸವರಿ, ಉಂಡೆಯನ್ನು ತುಂಬಿ, ಒತ್ತಿದಳು. ಮೂರು ಸುತ್ತು, ಸುತ್ತಿಗೂ ಸುತ್ತಿಗೂ ಒಂದೇ ಅಂತರ.

"ಹೊಸ್ತಿಲ ಮೇಲೆ ನಿಲ್ಲಬಾರದು. ಒಳಗೆ ಬಾ" ಎಂದರು ಸಿಸ್ಟರ್. ಆಮೇಲೆ ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಡಿಗೆಯವಳಿದ್ದಳು. ಹನ್ನೆರಡು ವರ್ಷ ಬೇರೆಯವರ ಕೈಕೆಳಗೆ ಅಡಿಗೆ ಮಾಡಿದ್ದಳು. ಮೊದಲ ಬಾರಿಗೆ ಒಂದು ಮದುವೆಯ ಅಡಿಗೆ ಅವಳೊಬ್ಬಳ ಹೆಸರಿಗೆ ಬಂತು. ಮುನ್ನೂರು ಎಲೆಯ ಊಟ. ಒರಳಿನಲ್ಲಿ ಒತ್ತುವ ತಿಂಡಿಗಳೇ ಏಳು ಬಗೆ. ಏಳು ಬಗೆಗೆ ಏಳು ಬಿಲ್ಲೆ.

ಆರು ಬಿಲ್ಲೆಗಳು ಅಡಿಗೆಯವಳವು. ಅವು ಸಂತೆಯಲ್ಲಿ ಸಿಗುವಂಥವು. ಎಲ್ಲ ಒರಳಿಗೂ ಒಪ್ಪುವಂಥವು. ಏಳನೆಯದು ಮದುವೆಯ ಮನೆಯ ಅಜ್ಜಿಯದು. ಶಾವಿಗೆಯ ಬಿಲ್ಲೆ, ರಂಧ್ರಗಳು ಕೂದಲೆಳೆಯಷ್ಟು ಸಣ್ಣವು. ಅಜ್ಜಿ ಅದನ್ನು ತವರಿನಿಂದ ತಂದಿದ್ದಳು. ಅವಳ ಬಾಯಲ್ಲಿ ಹಲ್ಲಿರಲಿಲ್ಲ. ಆ ಬಿಲ್ಲೆಯಲ್ಲಿ ಒತ್ತಿದ ಶಾವಿಗೆಯನ್ನು ಕಾಯಿಹಾಲಿನಲ್ಲಿ ನೆನೆಸಿ ತಿನ್ನುವುದೇ ಅವಳಿಗೆ ಊಟ.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಮನೆಯ ಹಿರಿಯಳು ಮೊದಲ ತುತ್ತು ತಿಂದು "ಆಯಿತು" ಎನ್ನಬೇಕು. ಅಲ್ಲಿಯವರೆಗೆ ಪಂಕ್ತಿಗೆ ಎಲೆ ಹಾಕುವಂತಿಲ್ಲ. ಅಜ್ಜಿ ತಿನ್ನದಿದ್ದರೆ ಮುನ್ನೂರು ಜನ ಉಪವಾಸ. ಅಡಿಗೆಯವಳನ್ನು ಮತ್ತೊಂದು ಮದುವೆಗೆ ಯಾರೂ ಕರೆಯುವುದಿಲ್ಲ.

"ಹಲ್ಲಿಲ್ಲದವಳ ಹಲ್ಲಿಗೇ ಸಿಕ್ಕಿಕೊಂಡಳಲ್ಲ, ಪಾಪ" ಎಂದಳು ರೆಜಿನಮ್ಮ.

ಸಿಸ್ಟರ್ ಅವಳತ್ತ ನೋಡಿದರು. ರೆಜಿನಮ್ಮ ಬಾಣಲೆಯತ್ತ ನೋಡಿದಳು. ಕತೆ ಮುಂದುವರಿಯಿತು.

ಅಡಿಗೆಯವಳ ಹಳೆಯ ಒರಳು ಸೀಳಿಹೋಗಿತ್ತು. ಹೊಸದು ಬೇಕಾಗಿತ್ತು. ಊರಿನಲ್ಲಿ ಒರಳು ಮಾಡುವ ಕೇರಿಗಳು ಎರಡು. ಒಂದು ಕಂಚುಗಾರರದು, ಒಂದು ಬಡಗಿಗಳದು. ಎರಡು ಕೇರಿಯವರೂ ಒರಳನ್ನು ಮಾರುತ್ತಿರಲಿಲ್ಲ. ಬೇಕಾದವರು ಒಯ್ಯಬಹುದು. ಬಿಚ್ಚಿ ನೋಡಬಹುದು. ಅರ ಹಾಕಿ ತಿದ್ದಬಹುದು. ಅದರಂತೆಯೇ ಇನ್ನೊಂದನ್ನು ಮಾಡಿ ನೆರೆಯವರಿಗೆ ಕೊಡಬಹುದು. ಕಟ್ಟಳೆ ಒಂದೇ: ತಿದ್ದಿದ್ದನ್ನು ಮುಚ್ಚಿಡಬಾರದು.

ಕಂಚುಗಾರರು ವರ್ಷಕ್ಕೆ ಎರಡು ಬಾರಿ ಒರಳಿನ ರೂಪವನ್ನು ಬದಲಿಸುತ್ತಿದ್ದರು. ಅದು ಹೊಳೆಯುತ್ತಿತ್ತು. ಹಿಡಿ ತಿರುಗಿಸಿದರೆ ಸಾಕು, ಹಿಟ್ಟು ಇಳಿಯುತ್ತಿತ್ತು. ಬಡಗಿಗಳು ತಮ್ಮ ಒರಳನ್ನು ಮುಟ್ಟುವ ಮೊದಲು ಎರಡು ವರ್ಷ ಚರ್ಚಿಸುತ್ತಿದ್ದರು. ಅವರದು ಭಾರ. ಒತ್ತಿದರೆ ರಟ್ಟೆ ನೋಯುತ್ತಿತ್ತು.

ಅಡಿಗೆಯವಳು ಯಾವುದು ಉತ್ತಮವೆಂದು ಊರೆಲ್ಲ ಕೇಳಿದಳು. "ಬಡಗಿಗಳದು ಒರಳಲ್ಲಮ್ಮ, ಪಿತ್ರಾರ್ಜಿತ" ಎಂದರು ಕಂಚುಗಾರರು. "ಅವರ ಒರಳು ಹಿಡಿಯುವುದನ್ನು ನೀನು ಕಲಿಯುವಷ್ಟರಲ್ಲಿ ಅವರೇ ಅದನ್ನು ಮರೆತಿರುತ್ತಾರೆ" ಎಂದರು ಬಡಗಿಗಳು. ಒಬ್ಬ ವ್ಯಾಪಾರಿ ಕಂಚು ಎಂದ. ಒಬ್ಬ ಪುರೋಹಿತ ಮರ ಎಂದ. ಒರಳನ್ನು ಎಂದೂ ಮುಟ್ಟದವರು ಎಲ್ಲರಿಗಿಂತ ಹೆಚ್ಚು ಹೇಳಿದರು.

ಕೊನೆಗೆ ಅವಳು ಕಂಚುಗಾರರ ಕೇರಿಗೆ ಹೋದಳು. ಕಂಚುಗಾರನೊಬ್ಬ ಹೊಸ ಒರಳನ್ನು ಮುಂದಿಟ್ಟ. ಒಳಗೆ ಅದರದೇ ಬಿಲ್ಲೆಯಿತ್ತು. ಅಡಿಗೆಯವಳು ಹಿಟ್ಟು ತುಂಬಿ ಹಿಡಿ ತಿರುಗಿಸಿದಳು. ಚಕ್ಕುಲಿ ಮುಳ್ಳು ಮುಳ್ಳಾಗಿ, ಎಳೆ ಕಡಿಯದೆ, ತಾನೇ ಸುತ್ತಿಕೊಂಡು ಬಂತು. ಅವಳು ಕೈ ಮುಗಿದು ಒರಳನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದಳು.

ಇಲ್ಲಿ ಸಿಸ್ಟರ್ ಒಂದು ಉಂಡೆಯನ್ನು ಕಟ್ಟಲು ನಿಂತರು. ವೈಜಯಂತಿಯ ಬೆರಳು ಕಡತದ ಒಂದು ಪುಟದಲ್ಲಿ ಸಿಕ್ಕಿಕೊಂಡಿತ್ತು. ಅವಳು ಅದನ್ನು ಹೊರಗೆ ತೆಗೆಯಲಿಲ್ಲ.

ಮದುವೆಯ ದಿನ ಬಂತು. ಬೆಳಗಿನ ಆರು ಗಂಟೆಗೆ ಬಾಣಲೆ ಕಾಯಿತು. ಮೊದಲ ಬಿಲ್ಲೆ ಒರಳಿನಲ್ಲಿ ಕೂತಿತು. ಎರಡನೆಯದೂ ಕೂತಿತು. ಆರು ಬಗೆಯ ತಿಂಡಿ ಹತ್ತು ಗಂಟೆಗೆ ಮುಗಿಯಿತು. ಇಷ್ಟು ಬೇಗ ಯಾರೂ ಮುಗಿಸಿರಲಿಲ್ಲ. ಅಡಿಗೆಯವಳು ಒರಳಿಗೆ ಕುಂಕುಮವಿಟ್ಟಳು. ಆಮೇಲೆ ಅಜ್ಜಿಯ ಬಿಲ್ಲೆಯನ್ನು ತೆಗೆದುಕೊಂಡಳು.

ಅದು ಕೂರಲಿಲ್ಲ. ಒರಳಿನ ಬಾಯಿಗಿಂತ ಒಂದು ಗೋಧಿ ಕಾಳಿನಷ್ಟು ದೊಡ್ಡದಿತ್ತು.

ಅಡಿಗೆಯವಳು ಕಂಚುಗಾರರ ಕೇರಿಗೆ ಓಡಿದಳು. ಕಂಚುಗಾರ ಒಳ್ಳೆಯವನು. ಅವನು ಹೇಳಿದ: "ಗಾಬರಿ ಏಕಮ್ಮ? ಅಳತೆಯ ನಕ್ಷೆ ಗೋಡೆಯ ಮೇಲಿದೆ. ಅರ ಇಲ್ಲಿದೆ. ಬಾಯಿಯನ್ನು ಎಷ್ಟು ಬೇಕೋ ಅಷ್ಟು ಅಗಲ ಮಾಡಿಕೋ. ಬೇಡ ಎನ್ನುವವರು ಈ ಕೇರಿಯಲ್ಲಿ ಯಾರೂ ಇಲ್ಲ."

ಅವನು ಸುಳ್ಳಾಡಲಿಲ್ಲ. ಅವಳಿಗೆ ಅಪ್ಪಣೆ ಇತ್ತು. ಅರ ಹಿಡಿದ ಅಭ್ಯಾಸವಿರಲಿಲ್ಲ, ಹೊತ್ತೂ ಇರಲಿಲ್ಲ. ಮಧ್ಯಾಹ್ನದ ಊಟಕ್ಕೆ ಎರಡೇ ಗಂಟೆ ಉಳಿದಿತ್ತು.

ಅವಳು ಬರಿಗೈಯಲ್ಲಿ ಮದುವೆಯ ಮನೆಗೆ ಬಂದು ಅಜ್ಜಿಯ ಮುಂದೆ ನಿಂತಳು. ನಡೆದದ್ದನ್ನು ನಡೆದಂತೆ ಹೇಳಿದಳು. ಅಜ್ಜಿ ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ಅಂಚನ್ನು ಹೆಬ್ಬೆರಳಿನಿಂದ ಸವರಿದಳು.

"ಇದು ಬಡಗಿಗಳ ಒರಳಿನ ಅಳತೆ ಮಗಳೇ" ಎಂದಳು ಅಜ್ಜಿ. "ನನ್ನ ತವರಿನವರು ಬಡಗಿಗಳೇ. ಒರಳಿಗಾಗಿ ನೀನು ಊರೆಲ್ಲ ಕೇಳಿದೆಯಂತೆ. ನನ್ನ ಜಗಲಿಯ ಮುಂದೆಯೇ ನಾಲ್ಕು ಸಲ ಹಾದುಹೋದೆ. ನನಗೆ ಹಲ್ಲಿಲ್ಲ, ನಿಜ. ನಾಲಗೆ ಇತ್ತಲ್ಲ?"

"ಹಾಂ! ಹಾಗೆ ಕೇಳು ಅಜ್ಜಿ!" ಎಂದಳು ಚಿಕ್ಕತಾಯಮ್ಮ, ಒರಳು ಒತ್ತುವುದನ್ನು ನಿಲ್ಲಿಸದೆ.

ಮುಂದಿನದು ಓಟದ ಕತೆ. ಮದುಮಗಳ ಸೋದರಮಾವ ಬಡಗಿಗಳ ಕೇರಿಗೆ ಓಡಿದ. ಒರಳನ್ನು ಹೊತ್ತು ತಂದ. ಬಿಲ್ಲೆ ತವರಿಗೆ ಬಂದ ಹೆಣ್ಣಿನಂತೆ ಅದರಲ್ಲಿ ಕೂತಿತು. ಆದರೆ ಒರಳು ಭಾರ. ಅಡಿಗೆಯವಳ ರಟ್ಟೆ ಸೋತಿತು. ಆಗ ಕಂಚುಗಾರ ಒಳಗೆ ಬಂದ. ತಾನು ಕೊಟ್ಟ ಒರಳಿಗೆ ಹೀಗಾಯಿತಲ್ಲ ಎಂದು ಅವಳ ಹಿಂದೆಯೇ ಬಂದಿದ್ದ. ತೋಳು ಮಡಿಸಿ, ಬಡಗಿಗಳ ಒರಳನ್ನು ತಾನೇ ಒತ್ತಿದ. ಅದನ್ನು ನೋಡಲು ಬಡಗಿಗಳ ಕೇರಿಯೆಲ್ಲ ಬಾಗಿಲಿಗೆ ಬಂತು. "ಮೆಲ್ಲಗೆ ಅಣ್ಣ, ಅದು ಪಿತ್ರಾರ್ಜಿತ" ಎಂದ ಒಬ್ಬ ಬಡಗಿ. ಕಂಚುಗಾರನೇ ಎಲ್ಲರಿಗಿಂತ ಮೊದಲು ನಕ್ಕ.

ಶಾವಿಗೆ ಬಂತು. ಕಾಯಿಹಾಲು ಬಂತು. ಅಜ್ಜಿ ಒಂದು ತುತ್ತು ತಿಂದಳು. "ಆಯಿತು" ಎನ್ನಲಿಲ್ಲ. ಎರಡನೆಯ ತುತ್ತು ತಿಂದಳು. ಆಗಲೂ ಎನ್ನಲಿಲ್ಲ. ಮುನ್ನೂರು ಜನ ಅವಳ ಬಾಯನ್ನೇ ನೋಡುತ್ತಿದ್ದರು. ಅಡಿಗೆಯವಳು ಗೋಡೆ ಹಿಡಿದು ನಿಂತಿದ್ದಳು. ಅಜ್ಜಿ ಬಟ್ಟಲನ್ನು ಎತ್ತಿ, ಉಳಿದ ಕಾಯಿಹಾಲನ್ನು ಕುಡಿದು, ಬಟ್ಟಲನ್ನು ಕೆಳಗಿಟ್ಟಳು. ಬೊಚ್ಚುಬಾಯಿ ತೆರೆದು ನಕ್ಕಳು.

"ಆಯಿತು" ಎಂದಳು. "ರುಚಿಯಾಗಿದ್ದರೆ ಒಂದೇ ತುತ್ತಿಗೆ ಆಯಿತು ಎನ್ನುವುದು ಹೇಗೆ?"

ಮುನ್ನೂರು ಎಲೆ ಬಿದ್ದವು. ಎರಡು ಕೇರಿಯವರೂ ಒಂದೇ ಪಂಕ್ತಿಯಲ್ಲಿ ಉಂಡರು. ಸಂಜೆ ಕಂಚುಗಾರ ಅಜ್ಜಿಯ ಬಿಲ್ಲೆಯ ಅಳತೆ ತೆಗೆದುಕೊಂಡು ಹೋಗಿ ತನ್ನ ಗೋಡೆಯ ನಕ್ಷೆಯ ಪಕ್ಕದಲ್ಲಿ ಬರೆದ. ಮರುವರ್ಷ ಅವನ ಒರಳಿನಲ್ಲೂ ಆ ಬಿಲ್ಲೆ ಕೂತಿತು. ಅಡಿಗೆಯವಳಿಗೆ ಆ ವರ್ಷ ಹನ್ನೊಂದು ಮದುವೆಗಳ ಅಡಿಗೆ ಬಂತು.

ಕತೆ ಮುಗಿಯಿತು. ರೆಜಿನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆ ಎಂದಳು.

ವೈಜಯಂತಿಯ ಮುಖ ಅರಳಿತ್ತು. ಉತ್ತರ ಸಿಕ್ಕಿತೆಂದು ಅವಳಿಗೆ ಅನ್ನಿಸಿತು. ಲೇಖನಿ ತೆಗೆದಳು.

"ಹಾಗಾದರೆ ಬಡಗಿಗಳದೇ ಉತ್ತಮ. ನಿಧಾನದ್ದನ್ನೇ ಬರೆದುಕೊಡುತ್ತೇನೆ ಸಿಸ್ಟರ್."

"ಪಕ್ಕದ ಊರಿನಲ್ಲೂ ಒಬ್ಬಳು ಅಜ್ಜಿ ಇದ್ದಳು" ಎಂದರು ಸಿಸ್ಟರ್. "ಅವಳ ಬಿಲ್ಲೆ ಕಂಚುಗಾರರದು."

ಲೇಖನಿ ಗಾಳಿಯಲ್ಲಿ ನಿಂತಿತು.

"ಅಯ್ಯೋ, ಹಾಗಾದರೆ ನಾನು ಯಾವುದನ್ನು ಬರೆಯಲಿ? ನಾಳೆ ಬೆಳಿಗ್ಗೆ ಕೊಡಬೇಕು. ಎಪ್ಪತ್ತು ಜನರನ್ನು ಕೇಳಿ ಆಗಿದೆ. ಇನ್ನು ಯಾರನ್ನು ಕೇಳಲಿ ಸಿಸ್ಟರ್?"

ಸಿಸ್ಟರ್ ಅಪೊಲೋನಿಯಾ ಕೈಯ ಹಿಟ್ಟನ್ನು ಉಜ್ಜಿ ತೆಗೆದರು.

"ನಿನ್ನ ಅಜ್ಜಿ ಆಗಿನಿಂದ ನಿನ್ನ ಎದುರಿಗೇ ಕುಳಿತು ಚಕ್ಕುಲಿ ಒತ್ತುತ್ತಿದ್ದಾಳೆ."

ಪುಟ್ಟಕ್ಕನ ಹೆಸರು ಆ ಕಡತದಲ್ಲಿ ಎಲ್ಲಿಯೂ ಇಲ್ಲವೆಂದು ವೈಜಯಂತಿಗೆ ಆಗ ಹೊಳೆಯಿತು. ನಲವತ್ತೆರಡು ಪುಟಗಳನ್ನು ಮುಚ್ಚಿ ನೆಲದ ಮೇಲಿಟ್ಟಳು. ಚಿಕ್ಕತಾಯಮ್ಮ ನಗುತ್ತ ಮಣೆಯ ಮೇಲೆ ಒಂದು ಪಕ್ಕಕ್ಕೆ ಸರಿದು, ಖಾಲಿಯಾದ ಅರ್ಧವನ್ನು ಅಂಗೈಯಿಂದ ತಟ್ಟಿದಳು.

ಅಲ್ಲಿದ್ದವರು: ಸಿಸ್ಟರ್ ಅಪೊಲೋನಿಯಾ, ರೆಜಿನಮ್ಮ, ವೈಜಯಂತಿ, ಚಿಕ್ಕತಾಯಮ್ಮ.